ಮೊಸರಿನ ಹಿಂದಿಟ್ಟ ಸೂಜಿಮದ್ದು

ಹುಣಸೂರಿನ ಬಸ್ ಸ್ಟ್ಯಾಂಡಿನ ಪಕ್ಕ ಹಾಲಿನ ಬೂತ್ ಇಟ್ಟುಕೊಂಡಿರುವ ಶಿವರುದ್ರಮ್ಮನ ಕಣ್ಣಿಗೆ ಲೋಕದಲ್ಲಿ ನೆಟ್ಟಗಿರುವ ಮನುಷ್ಯ ಒಬ್ಬನೂ ಬಿದ್ದಿರಲಿಲ್ಲ. ಹಾಲು ತರುವ ವ್ಯಾನಿನವನು ಸೋಮಾರಿ. ಕೊಳ್ಳುವವರು ಜಿಪುಣರು. ಬಸ್ಸಿನವರಿಗೆ ಕಣ್ಣಿಲ್ಲ, ನಗರಸಭೆಯವರಿಗೆ ಮೂಗಿಲ್ಲ. ಇದ್ದಿದ್ದರೆ ಬೂತಿನ ಹಿಂದಿನ ಚರಂಡಿ ಹಾಗೆ ಗಬ್ಬು ನಾರುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮಲಗುವ ದಿಕ್ಕಿಲ್ಲದವರ ವಿಷಯವನ್ನಂತೂ ಕೇಳುವುದೇ ಬೇಡ, ಅವರು ಭೂಮಿಗೆ ಭಾರ. ಆ ಭಾರವನ್ನು ದಿನಾ ಬೆಳಿಗ್ಗೆ ಎದ್ದು ಹೊರುತ್ತಿದ್ದವಳು ಮಾತ್ರ ಅವಳೇ. ಬಾಯಿ ಮಾಡುವ ಕೆಲಸ ಬಾಯಿಗೆ, ಕೈ ಮಾಡುವ ಕೆಲಸ ಕೈಗೆ, ಎರಡಕ್ಕೂ ಸಂಬಂಧವಿಲ್ಲ ಎಂದು ನಂಬಿದ ಹೆಂಗಸು ಆಕೆ.

ಹುಟ್ಟಿದ್ದು ಕೋಟೆ ತಾಲ್ಲೂಕಿನ ಹಂಪಾಪುರದ ಹತ್ತಿರ, ಹೊಲಗದ್ದೆ ಇದ್ದ ಮನೆಯಲ್ಲಿ. ಹುಣಸೂರಿಗೆ ಬಂದದ್ದು ಹಾಲಿನ ಡೈರಿಯಲ್ಲಿ ಕೆಲಸಕ್ಕಿದ್ದ ಗುರುಮಲ್ಲಪ್ಪನ ಕೈ ಹಿಡಿದು. ಗುರುಮಲ್ಲಪ್ಪ ಒಳ್ಳೆಯವನೇ, ಆದರೆ ನಾಲಗೆಗೆ ಸೋತವನು. ಶುಗರ್ ಬಂದ ಮೇಲೂ ಮದುವೆಮನೆಗೆ ಹೋದರೆ ಒಂದು ಪಂಕ್ತಿಯಲ್ಲಿ ಉಂಡು ಇನ್ನೊಂದರಲ್ಲಿ ಕೂರುವವನು. ಸಕ್ಕರೆ ಡಬ್ಬಿಯನ್ನು ಅಟ್ಟದ ಮೇಲಿಟ್ಟರೆ ಏಣಿ ಹಾಕುವವನು. ಮೊದಲು ಹೆಬ್ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೂ. ಕೊನೆಗೆ ಮಂಚ ಹಿಡಿದ ಮೇಲೂ "ಒಂಚೂರು ಬೆಲ್ಲ ಕೊಡೇ" ಎಂದು ಕೈ ಚಾಚುತ್ತಿದ್ದ. ಅವಳು ಕೊಡಲಿಲ್ಲ. ಅವನು ಉಳಿಯಲೂ ಇಲ್ಲ. ಅಂದಿನಿಂದ ಸಿಹಿಗೆ ಚಾಚಿದ ಕೈ ಯಾರದೇ ಆಗಿರಲಿ, ಶಿವರುದ್ರಮ್ಮನಿಗೆ ಅದು ಗಂಡನ ಕೈಯಾಗಿಯೇ ಕಾಣುತ್ತಿತ್ತು, ಹೊಡೆದು ಹಿಂದಕ್ಕೆ ಸರಿಸಬೇಕಾದ ಕೈ.

ಅಂಥ ಕೈಗಳಲ್ಲಿ ಒಂದು ಸಣ್ಣಬೀರಯ್ಯನದು. ಆತ ಎನ್. ಬೇಗೂರಿನ ಕಡೆಯವನು. ಹರೆಯದಿಂದಲೂ ಹುಣಸೂರು, ಪಿರಿಯಾಪಟ್ಟಣದ ಸುತ್ತ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಲ್ಲಿ ಬೆಂಕಿ ಕಾದವನು. ಸೊಪ್ಪಿನ ಕಾಲದಲ್ಲಿ ಬ್ಯಾರನ್ನಿನ ಒಲೆ ಮುಂದೆ ಮಲಗುವುದು, ಅದು ಮುಗಿದರೆ ಕೇರಳದವರ ಶುಂಠಿ ಹೊಲದ ಶೆಡ್ಡಿನಲ್ಲಿ ಮಲಗುವುದು. ಹೀಗೆ ಬದುಕಿದವನಿಗೆ ಸ್ವಂತ ಸೂರು ಬೇಕು ಅನ್ನಿಸುವಷ್ಟರಲ್ಲಿ ತಲೆ ನರೆತಿತ್ತು. ಕೆಂಡ ತುಳಿದರೂ ತಿಳಿಯದಷ್ಟು ಪಾದ ಜೋಮು ಹಿಡಿದು, ಗಾಯ ಮಾಯದೆ ಕೀವು ಬಂದಾಗ ಬ್ಯಾರನ್ನಿನ ಯಜಮಾನ ಹಳೇ ಪಂಚೆ ಹರಿದು ಕಾಲಿಗೆ ಕಟ್ಟಿಸಿ, ಬಸ್ಸು ಹತ್ತಿಸಿ ಕೈ ತೊಳೆದುಕೊಂಡ. ಅಷ್ಟು ವರ್ಷ ಅವನ ಸೊಪ್ಪಿಗೆ ಬಂಗಾರದ ಬಣ್ಣ ಬರಿಸಿಕೊಟ್ಟದ್ದಕ್ಕೆ ಅದೇ ಗೌರವ. ಬಸ್ಸು ತಂದು ಇಳಿಸಿದ ಜಾಗದಲ್ಲೇ ಬೀರಯ್ಯ ಚಾಪೆ ಹಾಸಿದ.

ಸರ್ಕಾರಿ ಆಸ್ಪತ್ರೆಯ ನರ್ಸು ರಮ್ಯಶ್ರೀ ಬಸ್ ಸ್ಟ್ಯಾಂಡಿನಲ್ಲಿ ಇರುವವರ ರಕ್ತ ನೋಡಲು ಬಂದಾಗ ಅವನ ಶುಗರ್ ಬಯಲಾಯಿತು. ದಿನಾ ಇನ್ಸುಲಿನ್ ಬೇಕು. ಸೂಜಿಮದ್ದು ಆಸ್ಪತ್ರೆಯಲ್ಲಿ ಪುಕ್ಕಟೆ, ಆದರೆ ಅದನ್ನು ತಣ್ಣಗೆ ಇಡಬೇಕು. ತಗಡಿನ ಸೂರು ಕಾದು ಹೆಂಚಾಗುವ ಬಸ್ ಸ್ಟ್ಯಾಂಡಿನಲ್ಲಿ, ತಲೆಯಡಿಯ ಗಂಟನ್ನೂ ಎಗರಿಸುವವರ ನಡುವೆ ಎಲ್ಲಿ ಇಡುವುದು? ರಮ್ಯಶ್ರೀ ಸುತ್ತ ಕಣ್ಣು ಹಾಯಿಸಿದಳು. ಕಣ್ಣಿಗೆ ಬಿದ್ದದ್ದು ಶಿವರುದ್ರಮ್ಮನ ಫ್ರಿಜ್ಜು.

"ಅಮ್ಮ, ಒಂದು ಚಿಕ್ಕ ಡಬ್ಬಿ ಅಷ್ಟೇ. ಒಂದು ಮೂಲೇಲಿ ಇಟ್ಕೊಳ್ಳಿ."

"ನನ್ನ ಫ್ರಿಜ್ಜು ಹಾಲಿಗೆ ಇರೋದು ಕಣಮ್ಮ, ಬೀದೀಲಿ ಬಿದ್ದೋರ ರೋಗಕ್ಕಲ್ಲ. ಇವತ್ತು ಸೂಜಿ ಇಡು ಅಂತೀಯ, ನಾಳೆ ಹೆಣ ಇಡು ಅಂತೀಯ."

"ಇಡದಿದ್ರೆ ಅವರ ಕಾಲು ಹೋಗುತ್ತಮ್ಮ."

ಕಾಲು ಎಂಬ ಮಾತಿಗೆ ಶಿವರುದ್ರಮ್ಮ ಮುಖ ತಿರುಗಿಸಿ ಟ್ರೇ ಒರೆಸತೊಡಗಿದಳು. ಮಾರನೆಯ ದಿನ ಮೊಸರಿನ ಪ್ಯಾಕೆಟ್ಟುಗಳ ಹಿಂದೆ ಒಂದು ಸ್ಟೀಲ್ ಡಬ್ಬಿ ಬಂದು ಕೂತಿತು. ಮೊದಲು ಅದರಲ್ಲಿ ಬೀರಯ್ಯನ ಮದ್ದು ಮಾತ್ರ ಇತ್ತು. ಆಮೇಲೆ ಪುಟ್ಟಿಯದೂ ಸೇರಿತು. ಪುಟ್ಟಿ ಕೆ.ಆರ್. ನಗರದ ಬಸ್ಸು ನಿಲ್ಲುವ ಕಡೆ ಕಂಬಕ್ಕೆ ಒರಗಿ ಕೂರುವ ಮುದುಕಿ, ಯಾರ ಮಾತನ್ನೂ ಕೇಳದವಳು, ಎಲ್ಲರಿಗೂ ಮಾತು ಹೇಳುವವಳು.

ಶಿವರುದ್ರಮ್ಮನ ಕಟ್ಟಳೆ ಹೀಗಿತ್ತು. ಬೆಳಿಗ್ಗೆ ಬಂದು ಅವಳ ಕಣ್ಣೆದುರು ಚುಚ್ಚಿಕೊಳ್ಳಬೇಕು, ಅಲ್ಲೇ ಕಟ್ಟೆಯ ಮೇಲೆ ಕೂತು ಇಡ್ಲಿ ತಿನ್ನಬೇಕು, ತಿಂದ ಮೇಲೆ ಕಣ್ಣಿಗೆ ಕಾಣಿಸಬಾರದು. ಸಂಜೆಗೂ ಹಾಗೆಯೇ. ಇಡ್ಲಿ ಅವಳೇ ಮನೆಯಿಂದ ತರುತ್ತಿದ್ದಳು. ಕಲ್ಲಿನಂಥ ಇಡ್ಲಿ, ಪ್ರೀತಿಯಿಂದ ಮಾಡಿದ್ದು ಎಂದು ಯಾರೂ ಆಪಾದನೆ ಹೊರಿಸುವಂತಿರಲಿಲ್ಲ. ಬೀರಯ್ಯ ಸದ್ದಿಲ್ಲದೆ ತಿನ್ನುತ್ತಿದ್ದ. ಪುಟ್ಟಿ ಮಾತ್ರ "ಇದ್ನ ಎಸುದ್ರೆ ನಾಯಿ ಸಾಯ್ತದೆ ಕಣವ್ವ" ಎಂದು ಹೇಳಿಯೇ ತಿನ್ನುತ್ತಿದ್ದಳು.

ಫ್ರಿಜ್ಜಿನಲ್ಲಿ ಸೂಜಿಮದ್ದು ಇದೆ ಎಂಬ ಸುದ್ದಿ ಹಾಲು ಕೊಳ್ಳುವವರಿಗೆ ತಿಳಿದಾಗ ಅವರ ಮಡಿ ಎದ್ದು ನಿಂತಿತು. ನಿವೃತ್ತ ಮೇಷ್ಟ್ರ ಹೆಂಡತಿ ಸೋಮವಾರದ ಹಾಲು ಕೊಳ್ಳಲು ಬಂದವಳು ಪ್ಯಾಕೆಟ್ಟನ್ನು ಎರಡು ಬೆರಳಲ್ಲಿ ಹಿಡಿದುಕೊಂಡು, "ಅಭಿಷೇಕಕ್ಕೆ ಕಣ್ರೀ, ಅದೇನೋ ಮುಟ್ಟಿಸಿಕೊಂಡಿರೋ ಹಾಲು ಆಗುತ್ತೋ ಇಲ್ವೋ" ಎಂದು ರಾಗ ಎಳೆದಳು.

"ಶಿವ ಗಂಟಲಲ್ಲಿ ವಿಷಾನೇ ಇಟ್ಕೊಂಡವ್ನೆ," ಅಂದಳು ಶಿವರುದ್ರಮ್ಮ. "ಅವನಿಗೇನೂ ಆಗಕ್ಕಿಲ್ಲ. ನಿಮಗೆ ಆಯ್ತದೆ ಅಂದ್ರೆ ಬೇರೆ ಕಡೆ ತಕ್ಕಳಿ."

ಆಕೆ ಬೇರೆ ಕಡೆ ಹೋದಳು, ಆಮೇಲೆ ಅಲ್ಲಿ ಹಾಲು ಒಡೆದಿದ್ದಕ್ಕೆ ಇಲ್ಲಿಗೇ ಬಂದಳು. ಮಡಿಯ ಆಯಸ್ಸು ಅಷ್ಟೇ.

ಇವರೆಲ್ಲರಿಗಿಂತ ಶಿವರುದ್ರಮ್ಮನಿಗೆ ಮೈ ಉರಿಯುತ್ತಿದ್ದದ್ದು ಪುಣ್ಯ ಸಂಪಾದಿಸಲು ಬರುವವರನ್ನು ಕಂಡರೆ. ಮಗುವಿನ ಹುಟ್ಟುಹಬ್ಬವಾದರೆ ಕೇಸರಿಬಾತು, ಅಪ್ಪನ ತಿಥಿಯಾದರೆ ಲಾಡು, ಲೀಡರ್ ಒಬ್ಬನಿಗೆ ನಿಗಮದ ಕುರ್ಚಿ ಸಿಕ್ಕರೆ ಜಹಾಂಗೀರು. ಕಾರು ನಿಲ್ಲಿಸಿ ಇಳಿದು, ಕೊಡುವಾಗ ತಟ್ಟೆಯನ್ನು ಅರ್ಧಕ್ಕೆ ಹಿಡಿದು ಕ್ಯಾಮೆರಾ ಕಡೆ ನೋಡುವುದು. ತೆಗೆದುಕೊಳ್ಳುವವನು ಪಾಪ, ಫೋಟೋ ಮುಗಿಯುವ ತನಕ ಇನ್ನರ್ಧ ಹಿಡಿದು ನಿಂತಿರಬೇಕು. ಹಿಟ್ಟಿನ ಮುದ್ದೆ, ಸೊಪ್ಪುಸಾರು ಯಾಕೆ ಕೊಡುವುದಿಲ್ಲ ಎಂದರೆ ಅದರಲ್ಲಿ ಪುಣ್ಯ ಕಮ್ಮಿ. ಪುಣ್ಯಕ್ಕೆ ದ್ರಾಕ್ಷಿ ಗೋಡಂಬಿ ಬೇಕು. ಶಿವರುದ್ರಮ್ಮ ಬೂತಿನಿಂದ ಇಳಿದು ಬಂದು ಬೀರಯ್ಯನ ಕೈಯ ತಟ್ಟೆ ಕಿತ್ತು, ಫೋಟೋದವರ ಎದುರಿಗೇ ನಾಯಿಗೆ ಸುರಿಯುತ್ತಿದ್ದಳು.

"ಪುಣ್ಯ ನಿಮಗೆ, ಕೊಳೆಯೋ ಕಾಲು ಅವನಿಗೆ. ಚೆನ್ನಾಗಿದೆ ಕಣ್ರಪ್ಪ ವ್ಯಾಪಾರ."

ಇದು ಸರಿಯೇ. ಆದರೆ ಸರಿ ಇದ್ದವರಿಗೆ ಒಂದು ರೋಗ ಉಂಟು, ಅರ್ಧ ಕೇಳಿ ಪೂರ್ತಿ ತಿಳಿದೆ ಅನ್ನುವುದು. ಡಬ್ಬಿ ಇಟ್ಟ ಹೊಸದರಲ್ಲಿ ರಮ್ಯಶ್ರೀ ಕೂತು ಪಾಠ ಹೇಳಿದ್ದಳು. ಸಕ್ಕರೆ ಏರಿದರೆ ಏನಾಗುತ್ತದೆ ಎಂಬುದನ್ನು ಶಿವರುದ್ರಮ್ಮ ತಲೆದೂಗಿ ಕೇಳಿಸಿಕೊಂಡಳು, ಅದೆಲ್ಲ ಅವಳು ಕಂಡದ್ದೇ. "ಇಳಿದ್ರೂ ಅಪಾಯವೇ ಅಮ್ಮ, ಸೂಜಿ ಹಾಕಿ ಊಟ ತಪ್ಪಿದ್ರೆ ಬೆವರು ಬರುತ್ತೆ, ನಡುಗ್ತಾರೆ, ಆಗ ತಕ್ಷಣ ಸಕ್ಕರೆ..." ಎಂದು ರಮ್ಯಶ್ರೀ ಮುಂದುವರಿಸುವ ಹೊತ್ತಿಗೆ ಹಾಲಿನ ವ್ಯಾನು ಬಂತು. ಶಿವರುದ್ರಮ್ಮ ಬೆನ್ನು ತಿರುಗಿಸಿ ವ್ಯಾನಿನವನನ್ನು ಬೈಯಲು ಹೋದಳು. ಶುಗರಿನವನಿಗೆ ಸಕ್ಕರೆ ಕೊಡು ಎಂಬ ಮಾತು ಅವಳ ಕಿವಿಗೆ ಬಿದ್ದರೂ ಒಳಗೆ ಇಳಿಯುವಂಥದ್ದಾಗಿರಲಿಲ್ಲ.

ಒಂದು ದಿನ ಬೀರಯ್ಯನೇ ಹೇಳಿದ್ದ. "ಒಂದೊಂದ್ಸಲ ಕೈಕಾಲೆಲ್ಲ ಅದುರ್ತವೆ ಕಣವ್ವ. ಒಂಚೂರು ಬೆಲ್ಲ ಬಾಯ್ಗಾಕಂಡ್ರೆ ನಿಂತೋಯ್ತದೆ."

"ಗೊತ್ತು ಕಣಯ್ಯ ನಿನ್ನ ಅದುರು. ನಮ್ಮನೆಯೋರ್ಗೂ ಅಂಗೇ ಅದುರ್ತಿತ್ತು, ಲಾಡು ಕಂಡಾಗ."

ಬೀರಯ್ಯ ಮತ್ತೆ ಆ ಮಾತು ಎತ್ತಲಿಲ್ಲ.

ಇಂಥ ಶಿವರುದ್ರಮ್ಮನ ಬೂತಿಗೆ ಒಂದು ದಿನ ಕಂಠಪ್ಪ ಬಂದ. ಕಂಠಪ್ಪ 'ಮಮತೆಯ ಮಡಿಲು ಸೇವಾ ಬಳಗ'ದ ಅಧ್ಯಕ್ಷ. ಸೈಟು ಮಾರುವುದು ಕಸುಬು, ಶಾಲು ಹೊದಿಸುವುದು ಹವ್ಯಾಸ. ಊರಿನಲ್ಲಿ ಅವನಿಂದ ಶಾಲು ಹೊದಿಸಿಕೊಳ್ಳದ ಬೆನ್ನು ಕಡಿಮೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ. ಕಂಠಪ್ಪ ಹಗಲಿನಲ್ಲೇ ಹಿಡಿಯುತ್ತಿದ್ದ, ಅದೂ ಮೈಕಿನಲ್ಲಿ ಹೇಳಿ. ಈ ಸಲ ದಿಕ್ಕಿಲ್ಲದವರಿಗೆ ಉಚಿತ ಮಧುಮೇಹ ತಪಾಸಣೆ ಮತ್ತು ಅನ್ನದಾನ ಇಟ್ಟುಕೊಂಡಿದ್ದಾನಂತೆ, ಕಲ್ಯಾಣ ಮಂಟಪದಲ್ಲಿ.

"ದಿಕ್ಕಿಲ್ಲದೋರು ಇಲ್ಲೇ ಬಿದ್ದವ್ರೆ. ಇಲ್ಲೇ ಬಂದು ನೋಡೋಕೆ ನಿಮ್ಮ ಕಾಲಿಗೇನು ಬಂದದೆ?" ಎಂದಳು ಶಿವರುದ್ರಮ್ಮ.

"ಅದಲ್ಲ ಶಿವರುದ್ರಮ್ಮೋರೆ, ಸಾಹೇಬ್ರು ಬರ್ತಾರೆ, ಬಸ್ ಸ್ಟ್ಯಾಂಡಲ್ಲಿ ಆಗುತ್ತಾ. ಇನ್ನೊಂದು ವಿಷಯ, ಅವತ್ತು ನಿಮಗೆ ಸನ್ಮಾನ."

"ನನಗಾ?"

"ನಿಮ್ಮಂಥೋರು ವೇದಿಕೆ ಮೇಲೆ ಇಲ್ಲ ಅಂದ್ರೆ ಈ ಕಾರ್ಯಕ್ರಮಕ್ಕೆ ಅರ್ಥವೇ ಇಲ್ಲ. ಬೂತಿನ ತಾಯಿ ಅಂತ ಫ್ಲೆಕ್ಸಿಗೆ ಹಾಕ್ಸಿದ್ದೀನಿ."

ಶಿವರುದ್ರಮ್ಮ ತುಟಿ ಕೊಂಕಿಸಿದಳು. ಇಂಥ ಕಂಠಪ್ಪಂದಿರನ್ನು ಎಷ್ಟು ನೋಡಿಲ್ಲ. ಆದರೂ ಫ್ಲೆಕ್ಸು ಬಂದು ಬಸ್ ಸ್ಟ್ಯಾಂಡಿನ ಕಮಾನಿಗೆ ನೇತುಬಿದ್ದ ದಿನದಿಂದ ಟ್ರೇ ತೊಳೆಯುವ ಜಾಗ ಬದಲಾಯಿತು. ಮೊದಲು ಚರಂಡಿಯ ಕಡೆ ಕೂತು ತೊಳೆಯುತ್ತಿದ್ದವಳು ಈಗ ಕಮಾನಿನ ಕಡೆ ಮುಖ ಮಾಡಿ ತೊಳೆಯತೊಡಗಿದಳು. ಫ್ಲೆಕ್ಸಿನ ಚಿತ್ರದಲ್ಲಿ ತನ್ನ ಮುಖ ಕಪ್ಪಾಗಿ ಬಂದಿದೆ ಎಂದು ಬೈದಳು. ಬೈದು ಮತ್ತೆ ನೋಡಿದಳು. ಲೋಕದಲ್ಲಿ ಯಾರನ್ನೂ ಮೆಚ್ಚದವಳನ್ನು ಮೆಚ್ಚಿಸುವುದು ಇಷ್ಟು ಸುಲಭ ಎಂದು ಕಂಠಪ್ಪನಿಗೆ ಮೊದಲೇ ಗೊತ್ತಿತ್ತು. ಶಾಲು ವ್ಯಾಪಾರದಲ್ಲಿ ಪಳಗಿದವನು.

ಆ ದಿನ ಬೆಳಿಗ್ಗೆ ಶಿವರುದ್ರಮ್ಮ ಪೆಟ್ಟಿಗೆಯ ತಳದಲ್ಲಿದ್ದ ರೇಷ್ಮೆ ಸೀರೆ ಉಟ್ಟು ಬೂತಿಗೆ ಬಂದಳು. ಕೈಯಲ್ಲಿ ಇಡ್ಲಿಯ ಡಬ್ಬಿ ಇರಲಿಲ್ಲ. ಬೀರಯ್ಯ, ಪುಟ್ಟಿ ಎಂದಿನಂತೆ ಬಂದು ಸೂಜಿ ಹಾಕಿಕೊಂಡರು. ಬೀರಯ್ಯ ಕಟ್ಟೆಯ ಮೇಲೆ ಕೂತು ಕಾದ.

"ಇವತ್ತು ಇಡ್ಲಿ ಇಲ್ಲ ಕಣಯ್ಯ. ಖಾಲಿ ಹೊಟ್ಟೇಲಿ ಬರ್ಬೇಕು ಅಂತ ಮೈಕಲ್ಲಿ ಕೂಗಿದ್ದು ಕೇಳ್ನಿಲ್ವಾ. ರಕ್ತ ನೋಡ್ತಾರಂತೆ."

"ಸೂಜಿ ಆಕಂಡು ಉಣ್ಣದೆ ಇದ್ರೆ ಎಂಗವ್ವ?"

"ಅಲ್ಲಿಗೆ ಓದ್ ತಕ್ಷಣ ರಕ್ತ ನೋಡಿ ಊಟಕ್ಕೆ ಆಕ್ತಾರೆ. ಒಂದೊತ್ತು ತಡ ಆದ್ರೆ ಪ್ರಾಣ ಓಯ್ತದಾ ನಿಂಗೆ?"

ಪುಟ್ಟಿ ಮಾತು ಕೇಳುವವಳಲ್ಲವಲ್ಲ. ಶೌಚಕ್ಕೆ ಹೋಗಿಬರುತ್ತೇನೆಂದು ಕ್ಯಾಂಟೀನಿನ ಹಿಂದೆ ಹೋಗಿ ಬನ್ನು ಟೀ ಮುಗಿಸಿ ಬಾಯಿ ಒರೆಸಿಕೊಂಡು ಬಂದಳು. ಬೀರಯ್ಯ ಒಬ್ಬನೇ ಶಿವರುದ್ರಮ್ಮನ ಮಾತು ಕೇಳಿದ.

ಎಲ್ಲರನ್ನೂ ಟೆಂಪೋದಲ್ಲಿ ತುಂಬಿಕೊಂಡು ಹೋದರು. ಮಂಟಪದ ಬಾಗಿಲಲ್ಲಿ ಹುಡುಗಿಯರು ಪನ್ನೀರು, ಹೂವು, ಕಲ್ಲುಸಕ್ಕರೆಯ ತಟ್ಟೆ ಹಿಡಿದು ನಿಂತಿದ್ದರು, ಮದುವೆಗೆ ನಿಂತ ಹಾಗೆ. ಶುಗರಿನವರ ಸಭೆಗೆ ಬಾಗಿಲಲ್ಲೇ ಕಲ್ಲುಸಕ್ಕರೆ. ಅಡುಗೆಮನೆಯಿಂದ ಮೈಸೂರುಪಾಕಿನ ತುಪ್ಪದ ವಾಸನೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಶಿವರುದ್ರಮ್ಮನ ಮೇಲೆ ಪನ್ನೀರು ಬಿತ್ತು. ಹಿಂದಿದ್ದ ಬೀರಯ್ಯ ಅಂಗೈ ಒಡ್ಡಿದ. ತಟ್ಟೆಯ ಹುಡುಗಿ ಅವನ ಅಂಗಿ ನೋಡಿ ತಡೆದು, ಆಮೇಲೆ ಮುಟ್ಟದ ಹಾಗೆ ಒಂದು ದಪ್ಪ ಹರಳು ಉದುರಿಸಿದಳು. ಶಿವರುದ್ರಮ್ಮ ಅದನ್ನು ಅವನ ಅಂಗೈಯಿಂದ ಹೆಕ್ಕಿಕೊಂಡು ತನ್ನ ಸೆರಗಿನ ತುದಿಗೆ ಗಂಟು ಹಾಕಿದಳು.

"ಇರ್ಲಿ ಕಣವ್ವ, ಬೇಕಾಯ್ತದೆ," ಅಂದ ಬೀರಯ್ಯ.

"ಬಾಗಿಲಲ್ಲೇ ಮಾನ ತೆಗೀಬೇಡ. ಒಳಕ್ಕೆ ನಡಿ."

ಒಳಗೆ ಅವನನ್ನೂ ಪುಟ್ಟಿಯನ್ನೂ ಉಳಿದವರನ್ನೂ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂರಿಸಿದರು. ಶಿವರುದ್ರಮ್ಮನನ್ನು ವೇದಿಕೆಗೆ ಕರೆದೊಯ್ದರು. ಮೆತ್ತನೆಯ ಕುರ್ಚಿ, ಮುಂದೆ ಮೇಜು, ಮೇಜಿನ ಮೇಲೆ ನೀರಿನ ಬಾಟಲಿ, ಸಾಲಾಗಿ ಜೋಡಿಸಿದ ಸ್ಮರಣಿಕೆಗಳು. ಪಕ್ಕದ ಕೋಣೆಯಲ್ಲಿ ರಮ್ಯಶ್ರೀ ಮತ್ತು ಆಸ್ಪತ್ರೆಯವರು ರಕ್ತ ನೋಡುವ ಯಂತ್ರ ಇಟ್ಟುಕೊಂಡು ಕಾದಿದ್ದರು. ದೀಪ ಹಚ್ಚುವ ತನಕ ಒಂದು ಬೆರಳನ್ನೂ ಚುಚ್ಚುವ ಹಾಗಿಲ್ಲ ಎಂದು ಕಂಠಪ್ಪನ ಅಪ್ಪಣೆಯಾಗಿತ್ತು. ದೀಪ ಹಚ್ಚಲು ಸಾಹೇಬರು ಬರಬೇಕು. ಸಾಹೇಬರು ಕೆ.ಆರ್. ನಗರದಲ್ಲಿ ಒಂದು ಗೃಹಪ್ರವೇಶ ಮುಗಿಸಿಕೊಂಡು ದಾರಿಯಲ್ಲಿದ್ದಾರೆ ಎಂದು ಮೈಕು ಹೇಳಿತು. ದಾರಿಯಲ್ಲಿದ್ದಾರೆ ಎಂದರೆ ಇನ್ನೂ ಉಣ್ಣುತ್ತಿದ್ದಾರೆ ಎಂದರ್ಥ. ಇಲ್ಲಿ ಅನ್ನ ಬೆಂದಿತ್ತು, ಸಾರು ಕುದಿದಿತ್ತು, ಎಲೆ ತೊಳೆದಾಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇಂಥ ಕಡೆ ನೋಡಿಯೇ ಹುಟ್ಟಿದ ಮಾತು.

ಹಾಡುವವಳು ಸ್ವಾಗತ ಗೀತೆ ಹಾಡಿದಳು. ಸಾಹೇಬರು ಬಾರದ್ದರಿಂದ ಮತ್ತೊಮ್ಮೆ ಹಾಡಿದಳು. ಕಂಠಪ್ಪ ಮೈಕು ಹಿಡಿದು ಮಧುಮೇಹ ಎಂಬುದು ನಗುತ್ತಾ ಕೊಲ್ಲುವ ಶತ್ರು ಎಂದು ಬಹಳ ಹೊತ್ತು ನಗುತ್ತಾ ಹೇಳಿದ. ಬಿಸಿಲು ಕಿಟಕಿಯಿಂದ ಇಳಿದು ನೆಲದ ಮೇಲೆ ಹರಿದು ಮೊದಲ ಸಾಲಿನ ಕುರ್ಚಿ ಮುಟ್ಟಿತು. ಬೇರೆ ದಿನವಾಗಿದ್ದರೆ ಶಿವರುದ್ರಮ್ಮ ಇಷ್ಟು ಹೊತ್ತಿಗೆ ಕಂಠಪ್ಪನ ವಂಶವನ್ನೇ ಜಾಲಾಡಿರುತ್ತಿದ್ದಳು. ಆದರೆ ವೇದಿಕೆಯ ಮೇಲೆ ಕೂತವರು ಬೈಯುವುದಿಲ್ಲ. ಕೈ ಮಡಿಲಲ್ಲಿಟ್ಟು, ಮುಖವನ್ನು ಫ್ಲೆಕ್ಸಿನಲ್ಲಿ ಇದ್ದ ಹಾಗೆಯೇ ಇಟ್ಟುಕೊಂಡು ಕೂತಿದ್ದಳು.

ಹೊತ್ತು ಕಳೆಯಲು ಫೋಟೋದವನು, "ಅಮ್ಮ, ಪೇಟ ಅಳತೆ ಆಗುತ್ತಾ ನೋಡೋಣ, ಹಂಗೇ ಒಂದು ಫೋಟೋ ತಕ್ಕೊಂಡ್ಬುಡ್ತೀನಿ" ಎಂದ. ಅವಳ ತಲೆಯ ಮೇಲೆ ಮೈಸೂರು ಪೇಟ ಕೂತಿತು. ಆಗಲೇ ಅವಳು ಬೀರಯ್ಯನನ್ನು ನೋಡಿದ್ದು. ಅವನು ಬಲಗೈ ಎತ್ತಿ, ಬೆರಳು ಕೂಡಿಸಿ ಬಾಯಿಯ ಕಡೆ ತೋರಿಸುತ್ತಿದ್ದ. ಆಮೇಲೆ ಅವಳ ಸೆರಗಿನ ಕಡೆ ತೋರಿಸಿದ ಹಾಗೆ ಕಂಡಿತು. ಅವಳ ಮೈಯೆಲ್ಲ ಉರಿದುಹೋಯಿತು. ಇಷ್ಟು ಜನರೆದುರು, ಪೇಟ ಹೊತ್ತು ಕೂತಾಗ, ಒಂದು ಹರಳು ಕಲ್ಲುಸಕ್ಕರೆಗೆ ಬಾಯಿ ಬಿಡುತ್ತಾನಲ್ಲ, ಇವನ ನಾಲಗೆಗೆ ಬೆಂಕಿ ಬೀಳ. ಗುರುಮಲ್ಲಪ್ಪನೇ ಮತ್ತೆ ಮಂಚದ ಮೇಲಿಂದ ಕೈ ಚಾಚಿದಂತಾಯಿತು. ಅವಳು ಕಣ್ಣು ದೊಡ್ಡದು ಮಾಡಿ ಗದರಿಸಿ, ಮುಖವನ್ನು ಕ್ಯಾಮೆರಾದ ಕಡೆ ತಿರುಗಿಸಿದಳು.

"ಅವ್ವೋ, ಬೀರಣ್ಣ ನಡುಗ್ತಾವ್ನೆ," ಎಂದು ಪುಟ್ಟಿ ಕೂಗಿದಳು.

"ಸಭಿಕರು ಶಾಂತಿ ಕಾಪಾಡಬೇಕು," ಎಂದಿತು ಮೈಕು.

ಬೀರಯ್ಯ ಎದ್ದು ನಿಂತ. ಎರಡು ಹೆಜ್ಜೆ ವೇದಿಕೆಯ ಕಡೆ ಇಟ್ಟ, ಮೂರನೆಯದು ಬೇರೆ ಕಡೆ ಬಿತ್ತು. ಏನೋ ಹೇಳಿದ, ನಾಲಗೆ ತೊದಲಿತು. ಬಳಗದ ಒಬ್ಬ, "ಬೆಳಿಗ್ಗೇನೆ ಏರಿಸ್ಕೊಂಡು ಬಂದವ್ನೆ, ಆಚೆ ಹಾಕ್ರೋ" ಎಂದ. ಇನ್ನೊಬ್ಬ ಅವನ ರಟ್ಟೆಗೆ ಕೈ ಹಾಕಿದ. ಬೀರಯ್ಯ ಅವನ ಕೈಯಿಂದ ಜಾರಿ ಕುರ್ಚಿಗಳ ನಡುವೆ ಕುಸಿದ.

ಶಿವರುದ್ರಮ್ಮನಿಗೆ ಕಂಡದ್ದು ಅವನ ಅಂಗಿ. ಕಾರ್ತಿಕದ ಚಳಿಗೆ ಎಲ್ಲರೂ ಮೈ ಮುದುರಿಕೊಂಡಿದ್ದ ಮಂಟಪದಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿಕೊಂಡು ತೊಪ್ಪೆಯಾಗಿತ್ತು, ಬ್ಯಾರನ್ನಿನ ಒಲೆ ಮುಂದೆ ಕೂತವನ ಹಾಗೆ. ಬೆವರು ಬರುತ್ತೆ, ನಡುಗ್ತಾರೆ. ಹಾಲಿನ ವ್ಯಾನಿನ ಸದ್ದಿನಲ್ಲಿ ಮುಳುಗಿಹೋಗಿದ್ದ ಆ ಮಾತು ಈಗ ತಾನೇ ತಾನಾಗಿ ತೇಲಿ ಬಂತು. ಸೂಜಿ ಹಾಕಿ ಊಟ ತಪ್ಪಿದರೆ. ಊಟ ತಪ್ಪಿಸಿದ್ದು ಯಾರು? ಅವಳು ಎದ್ದಳು. ಪೇಟ ಉರುಳಿ ಬಿತ್ತು.

ಸಕ್ಕರೆ ಬೇಕು ಎಂದು ಕೂಗಿದಳು. ಒಬ್ಬ ಅಡುಗೆಮನೆಯ ಕಡೆ ಓಡಿದ, ಬಾಗಿಲಿಗೆ ಬೀಗ, ಕೀಲಿ ಕಂಠಪ್ಪನ ಭಾವಮೈದುನನ ಬಳಿ, ಅವನು ಸಾಹೇಬರನ್ನು ಕರೆತರಲು ದಾರಿಯಲ್ಲಿ. ಕಲ್ಲುಸಕ್ಕರೆಯ ತಟ್ಟೆ ಎಲ್ಲಿ ಎಂದರೆ ಹುಡುಗಿಯರು ಅದನ್ನು ಹಿಡಿದು ರಸ್ತೆಯ ಕಮಾನಿಗೆ ಹೋಗಿದ್ದಾರೆ. ಅಷ್ಟರಲ್ಲಿ ಪುಟ್ಟಿ ಅವಳ ಸೀರೆ ಜಗ್ಗಿದಳು. "ನಿನ್ನ ಸೆರಗಲ್ಲಿ ಅದೆಯಲ್ಲವ್ವ, ಆಗ್ಲಿಂದ ಅದ್ನೇ ಕೇಳ್ತಾವ್ನೆ ಅವ್ನು."

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವಳ ಕಥೆ ಹೇಳಿ ಶಿವರುದ್ರಮ್ಮ ಎಷ್ಟು ಜನರನ್ನು ಆಡಿಕೊಂಡಿದ್ದಳೋ. ರೇಷ್ಮೆಯ ಗಂಟು ಬೆರಳಿಗೆ ಬಿಚ್ಚಲಿಲ್ಲ, ಹಲ್ಲಿನಿಂದ ಕಚ್ಚಿ ಹರಿದಳು. ಹರಳು ದಪ್ಪ, ಕರಗುವ ಹೊತ್ತಿಲ್ಲ. ಮೇಜಿನಿಂದ ಒಂದು ಸ್ಮರಣಿಕೆ ಎಳೆದುಕೊಂಡು ನೆಲದ ಮೇಲೆ ಹರಳನ್ನಿಟ್ಟು ಕುಟ್ಟಿದಳು. ಅದು ಅವಳದೇ ಹೆಸರು ಕೆತ್ತಿಸಿದ್ದೋ ಸಾಹೇಬರದೋ ನೋಡಲಿಲ್ಲ. ಪುಡಿಯನ್ನು ನೀರಿನ ಬಾಟಲಿಯ ಮುಚ್ಚಳದಲ್ಲಿ ಕಲಸಿ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತುಟಿಗೆ ಹಿಡಿದಳು.

"ನುಂಗು ಕಣಪ್ಪ. ನುಂಗೋ ಬೀರಯ್ಯ, ಒಂದು ಗುಟುಕು."

ಅವನ ಗಂಟಲು ಅಲುಗಿತು. ಮತ್ತೊಂದು ಮುಚ್ಚಳ. ಅಷ್ಟರಲ್ಲಿ ರಮ್ಯಶ್ರೀ ಕೋಣೆಯಿಂದ ಓಡಿ ಬಂದು ಅವನ ಬೆರಳು ಚುಚ್ಚಿ ಯಂತ್ರ ನೋಡಿದಳು, ಮುಖ ಬಿಳಿಚಿಕೊಂಡಿತು. ದೀಪ ಹಚ್ಚಿಲ್ಲ ಎಂದು ಕಂಠಪ್ಪ ಬಾಯಿ ತೆರೆದವನು ಅವಳ ಮುಖ ಕಂಡು ಮುಚ್ಚಿಕೊಂಡ.

"ಊಟ ಕೊಡದೆ ಸೂಜಿ ಹಾಕ್ಸಿದ್ದು ಯಾರು ಇವರಿಗೆ?" ಎಂದಳು ರಮ್ಯಶ್ರೀ, ಗ್ಲೂಕೋಸಿನ ಸೂಜಿಗೆ ಅವನ ಕೈಯ ನರ ಹುಡುಕುತ್ತಾ.

ತಪ್ಪು ಹೊರಿಸಲು ಬಳಗದವರೆಲ್ಲ ಎದುರಿಗೇ ಇದ್ದರು, ಹೊರಿಸಿದ್ದರೆ ಯಾರೂ ಅಲ್ಲ ಅನ್ನುವಂತೆಯೂ ಇರಲಿಲ್ಲ. ಮೈಕಿನಲ್ಲಿ ಕೂಗಿಸಿದವರು ಅವರು, ಅನ್ನಕ್ಕೆ ಬೀಗ ಹಾಕಿದವರು ಅವರು.

"ನಾನು ಕಣಮ್ಮ," ಅಂದಳು ಶಿವರುದ್ರಮ್ಮ.

ಆಂಬುಲೆನ್ಸು ಹೋದ ಮೇಲೆ ಸಾಹೇಬರು ಬಂದರಂತೆ, ದೀಪ ಹಚ್ಚಿದರಂತೆ, ಸನ್ಮಾನಕ್ಕೆ ಇದ್ದವಳು ಎದ್ದು ಹೋಗಿದ್ದರಿಂದ ಆ ಶಾಲನ್ನೂ ಸಾಹೇಬರಿಗೇ ಹೊದಿಸಿದರಂತೆ. ಶಿವರುದ್ರಮ್ಮ ಅದನ್ನು ನೋಡಲಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ಹರಿದ ಸೆರಗು ಸುತ್ತಿಕೊಂಡು ಕೂತಿದ್ದಳು, ಸಂಜೆ ಬೀರಯ್ಯ ಕಣ್ಣು ಬಿಟ್ಟು ನೀರು ಕೇಳುವ ತನಕ. ಅವತ್ತು ಸಂಜೆ ಬೂತು ಬಾಗಿಲು ತೆರೆಯಲಿಲ್ಲ. ಮೇಷ್ಟ್ರ ಹೆಂಡತಿ ಬಂದು ಬೈದುಕೊಂಡು ಹೋದಳು ಎಂದು ಆಮೇಲೆ ತಿಳಿಯಿತು.

ಬೀರಯ್ಯ ವಾಪಸು ಬಂದ. ಎಂದಿನಂತೆ ಬೆಳಿಗ್ಗೆ ಕಟ್ಟೆಯ ಮೇಲೆ ಕೂತ, ಎಂದಿನಂತೆ ಇಡ್ಲಿ ತಿಂದ. ಇಡ್ಲಿ ಸ್ವಲ್ಪ ಮೆತ್ತಗಾಗಿತ್ತು, ಪುಟ್ಟಿ ಕೂಡ ಅದನ್ನು ಗಮನಿಸಿ ಏನೂ ಅನ್ನದೆ ಬಿಟ್ಟಳು. ಶಿವರುದ್ರಮ್ಮ ವ್ಯಾನಿನವನನ್ನು ಬೈದಳು, ಬಸ್ಸಿನವರನ್ನು ಬೈದಳು. ಬೀರಯ್ಯ ಕೂತಿರುವಷ್ಟು ಹೊತ್ತು ಮಾತ್ರ ಟ್ರೇ ಒರೆಸಿದ್ದನ್ನೇ ಒರೆಸುತ್ತಿದ್ದಳು.

ಆಗ ಕಂಠಪ್ಪ ಬಂದ. ಕಂಕುಳಲ್ಲಿ ಕಟ್ಟು ಹಾಕಿಸಿದ ಒಂದು ಫೋಟೋ. ಶಿವರುದ್ರಮ್ಮ ಪೇಟ ಹೊತ್ತು ಕೂತಿದ್ದಾಳೆ, ಮುಖದಲ್ಲಿ ಗಾಂಭೀರ್ಯ. ಕೆಳಗಿನ ಮೂಲೆಯಲ್ಲಿ, ಕುರ್ಚಿಗಳ ನಡುವಿನಿಂದ, ಒಂದು ಕೈ ಎದ್ದು ನಿಂತಿದೆ.

"ಮಂಟಪದ ತುಂಬ ಜನ ಇದ್ರೂ ಇಂಥ ಫೋಟೋ ಸಿಕ್ಕಲ್ಲ ಶಿವರುದ್ರಮ್ಮೋರೆ," ಅಂದ ಕಂಠಪ್ಪ. "ನೋಡಿ, ಬಡವ ಕೈ ಎತ್ತಿ ಹರಸ್ತಾ ಇದ್ದಾನೆ. ಬೂತಲ್ಲಿ ಹಾಕ್ಕೊಳ್ಳಿ, ಬಂದೋರ್ಗೆಲ್ಲ ಕಾಣ್ಲಿ."

ಶಿವರುದ್ರಮ್ಮ ಫೋಟೋ ನೋಡಿದಳು. ಕಂಠಪ್ಪನನ್ನು ನೋಡಿದಳು. ಬಾಯಿಗೆ ಬಂದ ಬೈಗುಳವೆಲ್ಲ ಈ ಮನುಷ್ಯನಿಗೆ ಸಣ್ಣದು ಅನ್ನಿಸಿತು, ಆಮೇಲೆ ಅದರಲ್ಲಿ ಅರ್ಧ ತನಗೇ ಸೇರಬೇಕಾದ್ದು ಅನ್ನಿಸಿತು. "ತಕ್ಕೊಂಡ್ ಓಗಪ್ಪ," ಅಂದಳು ಅಷ್ಟೇ. ಅವನು ಅದನ್ನು ವಿನಯ ಎಂದುಕೊಂಡು ಫೋಟೋವನ್ನು ಕಟ್ಟೆಯ ಮೇಲೆಯೇ ಒರಗಿಸಿಟ್ಟು ಹೋದ.

ಬೀರಯ್ಯ ಇಡ್ಲಿ ಮುಗಿಸಿ, ಕೈ ತೊಳೆದುಕೊಂಡು, ಬಗ್ಗಿ ಫೋಟೋದಲ್ಲಿನ ತನ್ನ ಕೈಯನ್ನು ಬೆರಳಲ್ಲಿ ಮುಟ್ಟಿ ನೋಡಿದ.

"ಯಾಕಯ್ಯ ಕೂಗ್ನಿಲ್ಲ ನೀನು," ಅಂದಳು ಶಿವರುದ್ರಮ್ಮ. "ಬಂದು ನನ್ನ ಸೆರಗಿಗೇ ಕೈ ಆಕ್ಬಾರ್ದಾಗಿತ್ತಾ."

ಬೀರಯ್ಯನ ದನಿಯಲ್ಲಿ ಸಿಟ್ಟು ಇರಲಿಲ್ಲ.

"ಕೇಳ್ದೆ ಕಣವ್ವ. ನೀನು ಮೇಲಿದ್ದೆ."

ಅವನು ಚಾಪೆಯ ಕಡೆ ಹೋದ. ಶಿವರುದ್ರಮ್ಮ ಹಾಲಿಗೆ ಬಂದವರನ್ನು ಸಾಗಹಾಕಿದಳು. ಮಧ್ಯಾಹ್ನ ಅಂಗಡಿ ಬೀದಿಗೆ ಹೋಗಿ ಕಲ್ಲುಸಕ್ಕರೆ ತಂದು, ಸಣ್ಣಗೆ ಕುಟ್ಟಿ, ಅಗಲ ಬಾಯಿಯ ಒಂದು ಡಬ್ಬಿಗೆ ತುಂಬಿದಳು. ಅದನ್ನು ಫ್ರಿಜ್ಜಿನ ಒಳಗೂ ಇಡಲಿಲ್ಲ, ಗಲ್ಲಾಪೆಟ್ಟಿಗೆಯ ಪಕ್ಕಕ್ಕೂ ಇಡಲಿಲ್ಲ. ಹೊರಗಿನ ಕಟ್ಟೆಯ ಮೇಲೆ, ಕೂತವನ ಕೈಗೆ ಸಿಗುವ ಕಡೆ ಇಟ್ಟಳು. ಸಂಜೆ ಸೂಜಿಗೆ ಬಂದ ಬೀರಯ್ಯ ಡಬ್ಬಿಯನ್ನು ನೋಡಿ, ಕೇಳಲೋ ಬೇಡವೋ ಎಂಬಂತೆ ಅವಳ ಮುಖ ನೋಡಿದ.

"ನನ್ನನ್ನ ಕೇಳ್ಬೇಡ," ಅಂದಳು ಶಿವರುದ್ರಮ್ಮ, ಡಬ್ಬಿಯ ಮುಚ್ಚಳವನ್ನು ಚರಂಡಿಗೆ ಎಸೆಯುತ್ತಾ. "ಬೇಕಾದಾಗ ತಕ್ಕೊ."